ಹಳೆ ಜೀಪು ಎಲ್ಲಿಂದ ಕೂಗುತ್ತಿದೆ? ಬೋಲ್ಟ್ ಬಿಚ್ಚುವ ಮೊದಲು ಹುಡುಕುವ ಕ್ರಮ

ನಮ್ಮ ಮನೆಯಲ್ಲಿ 1996ರ ಒಂದು ಫೋರ್ ವೀಲ್ ಡೀಸೆಲ್ ಜೀಪಿದೆ. ತೋಟಕ್ಕೆ ಗೊಬ್ಬರ ಹೊರುವುದು, ಬೆಟ್ಟದಿಂದ ದರಕು (ಒಣ ಎಲೆ) ತರುವುದು, ಶಿರಸಿ ಮಾರುಕಟ್ಟೆಗೆ ಅಡಿಕೆ ಚೀಲ ಒಯ್ಯುವುದು, ಮಳೆಗಾಲದಲ್ಲಿ ಹಳ್ಳ ದಾಟಿ ಮಕ್ಕಳನ್ನು ಬಸ್ಸಿಗೆ ಬಿಡುವುದು, ಎಲ್ಲ ಅದರದ್ದೇ ಕೆಲಸ. ಕೆಲವು ವರ್ಷದ ಹಿಂದೆ ಅದರ ಹಿಂಭಾಗದಿಂದ "ಗೊಂಯ್" ಅಂತ ಸದ್ದು ಶುರುವಾಯಿತು. ಗ್ಯಾರೇಜಿಗೆ ಒಯ್ದೆ. "ಕ್ರೌನ್ ಪಿನಿಯನ್ ಹೋಗಿದೆ" ಅಂದರು. ಅಂದರೆ ಶಾಫ್ಟಿನ ತಿರುವನ್ನು ಹಿಂದಿನ ಚಕ್ರಗಳಿಗೆ ಕೊಡುವ ಹಲ್ಲುಗಾಲಿಗಳ ಜೋಡಿ, ಪಿನಿಯನ್ ಸಣ್ಣದು, ಕ್ರೌನ್ ದೊಡ್ಡದು. ಹೊಸ ಜೋಡಿ ಹಾಕಿಸಿದೆ. ಕೈಯಲ್ಲಿದ್ದ ದುಡ್ಡೆಲ್ಲ ಹೋಯಿತು, ಸದ್ದು ಮಾತ್ರ ಹಾಗೇ ಉಳಿಯಿತು. ಆಮೇಲೆ ಒಂದು ದಿನ ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಗಮನಿಸಿದೆ: ಎಡಕ್ಕೆ ತಿರುಗುವಾಗ ಸದ್ದು ಜಾಸ್ತಿ, ಬಲಕ್ಕೆ ತಿರುಗುವಾಗ ಕಡಿಮೆ. ಪ್ರತಿ ತಿರುವಿನಲ್ಲೂ ಹಾಗೇ. ಹೋಗಿದ್ದು ಹಿಂದಿನ ಬಲಗಡೆಯ ವೀಲ್ ಬೇರಿಂಗ್.

ಆ ಗ್ಯಾರೇಜಿನವರ ಮೇಲೆ ಸಿಟ್ಟು ಬಂದಿದ್ದು ನಿಜ. ಆದರೆ ನಾನು ಅವರಿಗೆ ಹೇಳಿದ್ದು "ಹಿಂದೆ ಸದ್ದು ಬರ್ತದೆ" ಅಂತ ಇಷ್ಟೇ. ಅವರು ಗಾಡಿಯನ್ನು ಪೇಟೆಯೊಳಗೆ ಒಂದು ಸುತ್ತು ಹೊಡೆಸಿದರು. ಅಲ್ಲಿ ಘಟ್ಟವೂ ಇಲ್ಲ, ತಿರುವೂ ಇಲ್ಲ.

ಅವತ್ತಿನಿಂದ ನಾನು ಹಿಡಿದುಕೊಂಡ ಮಾತು ಒಂದೇ. ಸದ್ದು ಹೇಗಿದೆ ಅನ್ನುವುದನ್ನು ಜಾಸ್ತಿ ನಂಬಬೇಡಿ. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದನ್ನು ನಂಬಿ. ಕಬ್ಬಿಣದ ಚಾಸಿ ಸದ್ದನ್ನು ಎಲ್ಲೆಲ್ಲಿಗೋ ಸಾಗಿಸುತ್ತದೆ, ಮುಂದಿನ ಹೌಸಿಂಗ್ (ಎರಡು ಚಕ್ರಗಳ ನಡುವೆ ಆ ಗೇರುಗಳು ಕೂತಿರುವ ಪೆಟ್ಟಿಗೆ) ಕೂಗಿದರೆ ಸೀಟಿನ ಅಡಿಯಲ್ಲಿ ಕೇಳಿಸಬಹುದು, ಹಿಂದಿನ ಬೇರಿಂಗ್ ಸದ್ದು ಗೇರ್‌ಬಾಕ್ಸಿನದು ಅನ್ನಿಸಬಹುದು. ಕಿವಿ ಮೋಸ ಹೋಗುತ್ತದೆ. ಹೊತ್ತು ನೋಡಿ ಹಿಡಿದರೆ ತಪ್ಪುವುದು ಕಡಿಮೆ.

ಕೆಳಗಿರುವುದು ನಾನು ಈಗ ಅನುಸರಿಸುವ ಕ್ರಮ. ಸೆಂಟರ್ ಡಿಫರೆನ್ಶಿಯಲ್ (ಮುಂದಿನ, ಹಿಂದಿನ ಶಾಫ್ಟುಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಇಲ್ಲದ, ಲಿವರ್ ಎಳೆದು ಫೋರ್ ವೀಲ್ ಹಾಕುವ ಹಳೆಯ ಗಾಡಿಗಳಿಗೆ ಇದು ಹೊಂದುತ್ತದೆ. ನಮ್ಮ ಕಡೆ ಓಡುವ ಹಳೆ ಜೀಪುಗಳು ಹೆಚ್ಚಿನವು ಈ ಥರದವೇ.

ಮೊದಲು ಒಂದು ಹಾಳೆ, ಒಂದು ಪೆನ್ನು

ಎರಡು ದಿನ ಗಾಡಿ ಓಡಿಸುತ್ತಾ ಬರೆದುಕೊಳ್ಳಿ. ಪಕ್ಕದಲ್ಲಿ ಯಾರಾದರೂ ಕುಳಿತು ಬರೆದರೆ ಇನ್ನೂ ಒಳ್ಳೆಯದು. ಎಷ್ಟು ವೇಗದಲ್ಲಿ ಬಂತು, ಯಾವ ಗೇರು, ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ತಿರುವಿನಲ್ಲೋ ನೇರ ರಸ್ತೆಯಲ್ಲೋ, ಗಾಡಿ ತಣ್ಣಗಿದ್ದಾಗಲೋ ಹತ್ತು ಕಿಲೋಮೀಟರ್ ಓಡಿದ ಮೇಲೋ, ಟೂ ವೀಲ್‌ನಲ್ಲೋ ಫೋರ್ ವೀಲ್‌ನಲ್ಲೋ. ಮೊಬೈಲ್‌ನಲ್ಲಿ ಸದ್ದು ರೆಕಾರ್ಡ್ ಮಾಡಿಟ್ಟರೂ ಉಪಯೋಗಕ್ಕೆ ಬರುತ್ತದೆ, ಆದರೆ ರೆಕಾರ್ಡ್ ಮಾಡುವಾಗ "ಈಗ 40ರಲ್ಲಿದ್ದೇನೆ, ಈಗ ಕಾಲು ಬಿಟ್ಟೆ" ಅಂತ ಬಾಯಲ್ಲಿ ಹೇಳುತ್ತಾ ಹೋಗಿ. ಇಲ್ಲದಿದ್ದರೆ ಆಮೇಲೆ ಕೇಳಿದಾಗ ಯಾವುದು ಯಾವಾಗಿನದು ಅಂತ ಗೊತ್ತಾಗುವುದಿಲ್ಲ.

ಟೈರಿನ ಸದ್ದನ್ನು ಮೊದಲು ಬೇರೆ ಮಾಡಿ

ಮಡ್ ಟೈರ್ ಹಾಕಿದ್ದರೆ, ಅದರಲ್ಲೂ ಒಂದೇ ಬದಿ ಸವೆದಿದ್ದರೆ, ವೀಲ್ ಬೇರಿಂಗ್ ಥರವೇ ಕೂಗುತ್ತದೆ. ಒಳ್ಳೆಯ ಡಾಂಬರು ರಸ್ತೆಯಿಂದ ಮಣ್ಣಿನ ರಸ್ತೆಗೆ ಇಳಿಸಿ, ಅದೇ ವೇಗದಲ್ಲಿ ಓಡಿಸಿ. ಮಣ್ಣಿನ ಮೇಲೆ ಸದ್ದು ಮಾಯವಾದರೆ ಟೈರಿನ ಮೇಲೆ ಅನುಮಾನ ಪಡಿ. ಗಟ್ಟಿ ಮಾಡಿಕೊಳ್ಳಲು ಹಿಂದಿನ ಟೈರುಗಳನ್ನು ಮುಂದಕ್ಕೆ ಹಾಕಿ ನೋಡಿ, ಸದ್ದೂ ಜಾಗ ಬದಲಿಸಿದರೆ ಅಲ್ಲಿಗೆ ಮುಗಿಯಿತು.

"ಡಗ್" ಅಂತ ಒಂದೇ ಸಲ ಬರುವ ಸದ್ದಿಗೆ ಗಾಡಿಯ ಅಡಿಗೆ ಬಗ್ಗಿ ಸ್ಪ್ರಿಂಗಿನ ಯು ಬೋಲ್ಟ್, ಬುಶ್, ಗೇರ್‌ಬಾಕ್ಸ್ ಕೂತಿರುವ ರಬ್ಬರ್ ನೋಡಿ. ನಮ್ಮ ಕೆಂಪುಕಲ್ಲಿನ ರಸ್ತೆ ಯು ಬೋಲ್ಟನ್ನು ಸಡಿಲ ಮಾಡಿಬಿಡುತ್ತದೆ. ಗೇರ್‌ಬಾಕ್ಸ್ ರಬ್ಬರ್ ಹರಿದಿದ್ದರೆ ಕ್ಲಚ್ ಬಿಟ್ಟಾಗಲೆಲ್ಲ ಗೇರ್‌ಬಾಕ್ಸ್ ಎದ್ದು ಬಡಿಯುತ್ತದೆ, ಕೇಳಿದವರು ಕ್ರಾಸ್ (ಚಕ್ರದ ಕಡೆ ಹೋಗುವ ಶಾಫ್ಟಿನ ತುದಿಯ ಕೀಲು) ಹೋಗಿದೆ ಅನ್ನುತ್ತಾರೆ.

ನಿಂತಲ್ಲೇ ಮಾಡುವ ಪರೀಕ್ಷೆ

ಎಂಜಿನ್ ಬಿಸಿಯಾಗಲಿ. ನ್ಯೂಟ್ರಲ್‌ನಲ್ಲಿಟ್ಟು, ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಟ್ಟು, ಕ್ಲಚ್‌ನಿಂದ ಕಾಲು ತೆಗೆದು ಕೇಳಿ. ಈಗ ಗೇರ್‌ಬಾಕ್ಸಿನ ಮುಂದಿನ ಶಾಫ್ಟು ಮತ್ತು ಕೆಳಗಿನ ಕೌಂಟರ್ ಶಾಫ್ಟು ತಿರುಗುತ್ತಿವೆ. ಸದ್ದು ಬರುತ್ತಿದ್ದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಅದು ಗೇರ್‌ಬಾಕ್ಸಿನ ಒಳಗಿನ ಬೇರಿಂಗು. ಅದೇ ಕ್ಲಚ್ ಒತ್ತಿದಾಗ ಶುರುವಾಗಿ ಬಿಟ್ಟಾಗ ನಿಂತರೆ ಕ್ಲಚ್ ರಿಲೀಸ್ ಬೇರಿಂಗು. ಇಷ್ಟು ಸಣ್ಣ ಪರೀಕ್ಷೆ ಮಾಡದೆ ಗೇರ್‌ಬಾಕ್ಸ್ ಇಳಿಸಿದವರನ್ನು ನೋಡಿದ್ದೇನೆ.

ಓಡುವಾಗ ಇನ್ನೊಂದು ಸುಳಿವು ಸಿಗುತ್ತದೆ. ನಾಲ್ಕು ಗೇರಿನ ಗಾಡಿಯಲ್ಲಿ ನಾಲ್ಕನೆಯದು ನೇರ ಗೇರು, ಶಕ್ತಿ ಕೌಂಟರ್ ಶಾಫ್ಟಿನ ಮೂಲಕ ಹೋಗದೆ ಸೀದಾ ಹಿಂದಕ್ಕೆ ಹೋಗುತ್ತದೆ. ಒಂದು, ಎರಡು, ಮೂರರಲ್ಲಿ ಕೂಗಿ ನಾಲ್ಕಕ್ಕೆ ಹಾಕಿದ ಕೂಡಲೇ ತಣ್ಣಗಾದರೆ ಕೌಂಟರ್ ಶಾಫ್ಟಿನ ಕಡೆ ನೋಡಬೇಕು. ನಾಲ್ಕರಲ್ಲೂ ಹಾಗೇ ಇದ್ದರೆ ಗೇರ್‌ಬಾಕ್ಸಿನ ಹಿಂದೆ ಹುಡುಕಿ.

ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಿನ, ಹಿಂದಿನ ಶಾಫ್ಟುಗಳಿಗೆ ಹಂಚುವ ಪೆಟ್ಟಿಗೆ) ಬಗ್ಗೆ ಒಂದು ಮಾತು. ಹಳೆಯ ಗೇರ್ ಮಾದರಿಯ ಟ್ರಾನ್ಸ್‌ಫರ್ ಕೇಸುಗಳು ಹುಟ್ಟಿನಿಂದಲೇ ಸ್ವಲ್ಪ ಕೂಗುತ್ತವೆ, ನಿಧಾನಕ್ಕೆ ಜಾಸ್ತಿ ಎಳೆಯುವ ಲೋ ರೇಂಜಿನಲ್ಲಿ ಇನ್ನೂ ಜಾಸ್ತಿ. ಅದು ರೋಗವಲ್ಲ. ನಿಮ್ಮ ಗಾಡಿ ಹೋದ ವರ್ಷ ಎಷ್ಟು ಕೂಗುತ್ತಿತ್ತೋ ಈ ವರ್ಷವೂ ಅಷ್ಟೇ ಕೂಗುತ್ತಿದ್ದರೆ ಎಣ್ಣೆ ನೋಡಿ ಸುಮ್ನೆ ಬಿಡಿ.

ಆಳು ನಡೆಯುವ ವೇಗದಲ್ಲಿ ಎಣಿಸಿ

ಇದು ನನಗೆ ತುಂಬಾ ಇಷ್ಟದ ಪರೀಕ್ಷೆ, ದುಡ್ಡು ಖರ್ಚಿಲ್ಲ. ಟಕ್ ಟಕ್ ಅಂತ ಲಯದಲ್ಲಿ ಬರುವ ಸದ್ದಿಗೆ ಮಾತ್ರ.

ಮೊದಲು ಸಪಾಟಾದ ಜಾಗದಲ್ಲಿ, ಅಡಿಕೆ ಒಣಗಿಸುವ ಅಂಗಳವಾದರೂ ಆದೀತು, ಹಿಂದಿನ ಟೈರಿಗೆ ಮತ್ತು ನೆಲಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನೇರ ತಳ್ಳಿ, ಟೈರಿನ ಗುರುತು ಮತ್ತೆ ನೆಲ ಮುಟ್ಟಿದ ಕಡೆ ನಿಲ್ಲಿಸಿ ಅಳೆಯಿರಿ. ನನ್ನ ಗಾಡಿಗೆ ಸುಮಾರು 2.2 ಮೀಟರ್ ಬಂತು. ತಳ್ಳುವಾಗ ಇನ್ನೊಬ್ಬರು ಬದಿಯಲ್ಲಿ, ಗಾಡಿಯ ದಾರಿಗೆ ಸಿಗದಂತೆ ಕುಳಿತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಹೌಸಿಂಗಿಗೆ ಹೋಗುವ ಉದ್ದದ ಶಾಫ್ಟು) ಎಷ್ಟು ಸುತ್ತು ತಿರುಗಿತು ಅಂತ ನೋಡಲಿ. ಅದಕ್ಕೂ ಒಂದು ಸೀಮೆಸುಣ್ಣದ ಗೆರೆ ಎಳೆದಿಡಿ. ನನ್ನದರಲ್ಲಿ ಐದೂಕಾಲಿಗಿಂತ ತುಸು ಜಾಸ್ತಿ. ಹಳೆಯ ಜೀಪುಗಳಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು ಇರುವ ಜೋಡಿ ಇರುತ್ತಿತ್ತು, ಭಾಗಿಸಿದರೆ 5.38. ಬೇರೆ ಗಾಡಿಗಳಲ್ಲಿ ಈ ಲೆಕ್ಕ ಬೇರೆ ಇರುತ್ತದೆ, ಅದಕ್ಕೇ ನಿಮ್ಮದನ್ನು ನೀವೇ ಎಣಿಸಬೇಕು.

ಈಗ ಒಂದನೇ ಗೇರಿನಲ್ಲಿ ಗಂಟೆಗೆ 5 ಕಿಲೋಮೀಟರ್ ಅಂದಾಜಿಗೆ, ಅಂದರೆ ಆಳು ನಡೆಯುವ ವೇಗದಲ್ಲಿ ಓಡಿಸಿ. ಆಗ 10 ಸೆಕೆಂಡಿಗೆ ಚಕ್ರ 6 ಸುತ್ತು ತಿರುಗುತ್ತದೆ, ಪ್ರೊಪೆಲ್ಲರ್ ಶಾಫ್ಟು 34 ಸುತ್ತು. ಹೊರಗೆ ಒಬ್ಬರು ಜೊತೆಗೆ ನಡೆಯುತ್ತಾ ಎಣಿಸಲಿ. ಟಕ್... ಟಕ್... ಅಂತ ಹತ್ತು ಸೆಕೆಂಡಿಗೆ ಆರು ಸಲ ಬಂದರೆ ಚಕ್ರದ ಜೊತೆ ತಿರುಗುವ ವಸ್ತು: ಟೈರಿನಲ್ಲಿ ಸಿಕ್ಕಿದ ಕಲ್ಲು, ಬ್ರೇಕ್ ಡ್ರಮ್, ವೀಲ್ ಬೇರಿಂಗ್, ಆಕ್ಸಲ್, ಕ್ರೌನಿನಲ್ಲಿ ಮುರಿದ ಹಲ್ಲು. ಟಕಟಕಟಕ ಅಂತ ಎಣಿಸಲು ಕಷ್ಟವಾಗುವಷ್ಟು ಬಂದರೆ ಶಾಫ್ಟಿನ ವೇಗದ ವಸ್ತು: ಕ್ರಾಸು, ಪಿನಿಯನ್, ಪಿನಿಯನ್ ಬೇರಿಂಗ್, ಟ್ರಾನ್ಸ್‌ಫರ್ ಕೇಸಿನ ಹಿಂಭಾಗ. ಅರ್ಧ ಗಾಡಿ ಅನುಮಾನದಿಂದ ಹೊರಗೆ ಹೋಯಿತು, ಅಲ್ವಾ?

ಘಟ್ಟ ಹತ್ತಿಸಿ, ಇಳಿಸಿ

ಬಯಲುಸೀಮೆಯವರಿಗೆ ಇಲ್ಲದ ಅನುಕೂಲ ನಮಗಿದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಕುಮಟಾ ಸಮುದ್ರದ ಪಕ್ಕ, ನಡುವೆ ದೇವಿಮನೆ. ಯಲ್ಲಾಪುರದ ಕಡೆಯವರಿಗೆ ಅಂಕೋಲಾಕ್ಕೆ ಇಳಿಯುವ ಅರಬೈಲ್ ಘಟ್ಟ ಇದೆ. ಹತ್ತುವಾಗ ಗೇರಿನ ಹಲ್ಲು ಒಂದು ಬದಿಯಲ್ಲಿ ಒತ್ತುತ್ತದೆ, ಇಳಿಯುವಾಗ ಎಂಜಿನ್ ಬ್ರೇಕಿಗೆ ಬಿಟ್ಟರೆ ಅದೇ ಹಲ್ಲಿನ ಇನ್ನೊಂದು ಬದಿ ಒತ್ತುತ್ತದೆ.

ಹತ್ತುವಾಗ ಮಾತ್ರ, ಒಂದು ನಿರ್ದಿಷ್ಟ ವೇಗದಲ್ಲಿ "ಕುಂಯ್" ಅಂತ ಎಳೆದು, ಕಾಲು ಬಿಟ್ಟರೆ ನಿಲ್ಲುವುದು ಸಾಮಾನ್ಯವಾಗಿ ಕ್ರೌನ್ ಪಿನಿಯನ್ ಸವೆತ. ಇಳಿಯುವಾಗ, ಕಾಲು ಬಿಟ್ಟಾಗ ಮಾತ್ರ ಗರಗರ ಅಂದರೆ ಪಿನಿಯನ್ ಬೇರಿಂಗ್ ಸಡಿಲವಾಗಿದೆ ಅಥವಾ ಪಿನಿಯನ್ನಿನ ನಟ್ ಬಿಟ್ಟಿದೆ ಅಂತ ನೋಡಬೇಕು. ಇದನ್ನು ಬೇಗ ಹಿಡಿದರೆ ಬೇರಿಂಗ್ ಖರ್ಚಿನಲ್ಲಿ ಮುಗಿಯುತ್ತದೆ, ಬಿಟ್ಟರೆ ಹಲ್ಲನ್ನೂ ತಿನ್ನುತ್ತದೆ. ಒತ್ತಿದರೂ ಬಿಟ್ಟರೂ ಒಂದೇ ಥರ ಇದ್ದು, ವೇಗದ ಜೊತೆ ಮಾತ್ರ ಏರಿ ಇಳಿದು, ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ, ಆದ್ದರಿಂದ ಎಡ ತಿರುವಿನಲ್ಲಿ ಜಾಸ್ತಿ ಕೂಗಿದರೆ ಮೊದಲು ಬಲಗಡೆ ನೋಡಿ. ನೇರ ರಸ್ತೆಯಲ್ಲಿ ಇಲ್ಲದೆ, ನಿಧಾನಕ್ಕೆ ಪೂರ್ತಿ ತಿರುಗಿಸುವಾಗ ಮಾತ್ರ ಹಿಂದಿನ ಹೌಸಿಂಗಿನಿಂದ ಕಟಕಟ ಬಂದರೆ ಅದರೊಳಗಿನ ಸಣ್ಣ ಗೇರುಗಳು.

ಘಟ್ಟದ ಕೆಳಗೆ ಬಂದಾಗ ಬದಿಗೆ ನಿಲ್ಲಿಸಿ. ನಾಲ್ಕೂ ಚಕ್ರಗಳ ನಡುವಿನ ಹಬ್‌ಗಳ ಹತ್ತಿರ ಕೈ ಹಿಡಿದು ನೋಡಿ, ಕೂಡಲೇ ಮುಟ್ಟಬೇಡಿ, ಸುಡುತ್ತದೆ. ಬ್ರೇಕ್ ಹಿಡಿದು ಬಂದಿದ್ದರಿಂದ ಎಲ್ಲವೂ ಬಿಸಿ ಇರುತ್ತವೆ, ಅದಕ್ಕೇ ಎಡಬಲ ಹೋಲಿಸಿ. ಒಂದೇ ಒಂದು ಉಳಿದವಕ್ಕಿಂತ ಬಹಳ ಬಿಸಿ ಇದ್ದರೆ ಬೇರಿಂಗ್ ಅಥವಾ ಹಿಡಿದುಕೊಂಡ ಬ್ರೇಕು.

ಈಗ ಅಡಿಗೆ ಹೋಗಿ, ಆದರೆ ಮೊದಲು ಇದನ್ನು ಓದಿ

ಹಳೆಯ ಎಷ್ಟೋ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಕ್ಕೆ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿಗೆ ಒಂದು ಡ್ರಮ್ ಇರುತ್ತದೆ, ಅದನ್ನೇ ಹಿಡಿಯುತ್ತದೆ. ಹಿಂದಿನ ಶಾಫ್ಟ್ ಬಿಚ್ಚಿದರೆ ಹ್ಯಾಂಡ್ ಬ್ರೇಕೇ ಇಲ್ಲ. ಹಿಂದಿನ ಒಂದು ಚಕ್ರ ಜಾಕ್ ಮೇಲೆ ಎತ್ತಿದರೂ ಇಲ್ಲ, ಯಾಕೆಂದರೆ ಶಾಫ್ಟ್ ಹಿಡಿದಿದ್ದರೂ ಡಿಫರೆನ್ಶಿಯಲ್ ಮೂಲಕ ಎತ್ತಿದ ಚಕ್ರ ತಿರುಗಿ ನೆಲದ ಮೇಲಿನ ಚಕ್ರ ಉರುಳುತ್ತದೆ. ಗೇರಿನಲ್ಲಿಟ್ಟರೂ ಇದೇ ಕಥೆ. ಚಕ್ರದ ಎರಡೂ ಬದಿಗೆ ದಪ್ಪ ಕಟ್ಟಿಗೆ ತುಂಡು ಇಟ್ಟೇ ಅಡಿಗೆ ಹೋಗಿ, ಜಾಕ್ ಒಂದನ್ನೇ ನಂಬಬೇಡಿ, ಆಕ್ಸಲ್ ಅಡಿಗೆ ಸ್ಟ್ಯಾಂಡ್ ಕೊಡಿ. ಇಳಿಜಾರಿನಲ್ಲಂತೂ ಬೇಡವೇ ಬೇಡ.

ಕ್ರಾಸ್ ನೋಡುವ ಕ್ರಮ ಹೀಗೆ. ಶಾಫ್ಟನ್ನು ಒಂದು ಕೈಯಲ್ಲಿ, ಅದು ಕೂಡುವ ಫ್ಲೇಂಜನ್ನು (ಬೋಲ್ಟ್ ಹಾಕುವ ಬಿಲ್ಲೆ) ಇನ್ನೊಂದು ಕೈಯಲ್ಲಿ ಹಿಡಿದು ಎದುರುಬದುರು ತಿರುಚಿ. ನಡುವೆ ಒಂದು ಚೂರೂ ಪ್ಲೇ (ಸಡಿಲ) ಇರಬಾರದು. ಕ್ರಾಸಿನ ನಾಲ್ಕು ತುದಿಯ ಕಪ್‌ಗಳ ಅಂಚಿನಲ್ಲಿ ಕೆಂಪು ಪುಡಿ ಕಂಡರೆ, ಅರಿಶಿನ ಕುಂಕುಮ ಕಲಸಿದಂಥ ಬಣ್ಣದ ನುಣ್ಣನೆ ತುಕ್ಕು, ಒಳಗೆ ಗ್ರೀಸ್ ಒಣಗಿ ಸೂಜಿ ಬೇರಿಂಗುಗಳು ಪುಡಿಯಾಗುತ್ತಿವೆ ಅಂತ ಅರ್ಥ. ಓಡುವಾಗ ಇದು ಹಕ್ಕಿ ಕೂಗಿದ ಹಾಗೆ ಕುಯ್ ಕುಯ್ ಅನ್ನುತ್ತದೆ, ವೇಗದ ಜೊತೆ ಬೇಗ ಬೇಗ ಆಗುತ್ತದೆ. ಮುಂದಕ್ಕೆ ಹೋಗಿ ರಿವರ್ಸ್ ಹಾಕಿದಾಗ "ಟಣ್" ಅನ್ನುವುದೂ ಇದೇ. ಗ್ರೀಸ್ ಗನ್ ಹಚ್ಚಿದರೆ ನಾಲ್ಕೂ ಕಪ್‌ಗಳಿಂದ ಹೊಸ ಗ್ರೀಸ್ ಹೊರಬರಬೇಕು. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ಮುಂದೆ ತೊಂದರೆ ಕೊಡುವುದು.

ಗಾಡಿ ನಿಲ್ಲಿಸಿದ ಗಳಿಗೆಯಲ್ಲಿ, ಅಥವಾ ನಿಂತಲ್ಲಿಂದ ಹೊರಡುವಾಗ, ಹಿಂದಿನಿಂದ ಯಾರೋ ಗುದ್ದಿದಂತೆ ಒಮ್ಮೆ "ಡುಗ್" ಅನ್ನುವುದಕ್ಕೆ ಎಷ್ಟೋ ಸಲ ಶಾಫ್ಟಿನ ಜಾರುವ ಜೋಡಣೆ ಒಣಗಿರುವುದು ಕಾರಣ. ಅಲ್ಲೂ ಒಂದು ಗ್ರೀಸ್ ನಿಪ್ಪಲ್ ಇರುತ್ತದೆ, ಕೆಸರು ಮೆತ್ತಿ ಕಾಣುವುದಿಲ್ಲ. ಕೆರೆದು ನೋಡಿ. ಕಾರವಾರ, ಗೋಕರ್ಣ, ಹೊನ್ನಾವರದ ಕಡೆಯವರಿಗೆ ಇದು ಇನ್ನೂ ಮುಖ್ಯ. ಉಪ್ಪುಗಾಳಿಗೆ ನಿಪ್ಪಲ್‌ಗಳು ತುಕ್ಕು ಹಿಡಿದು ಮುಚ್ಚಿಕೊಳ್ಳುತ್ತವೆ, ಸಮುದ್ರದ ಮರಳಿಗೆ ಗಾಡಿ ಇಳಿಸಿದ್ದರೆ ಅವತ್ತೇ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆದು ಗ್ರೀಸ್ ಹೊಡೆಯಿರಿ.

ವೀಲ್ ಬೇರಿಂಗಿಗೆ ಚಕ್ರ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಮುಂದಿನ ಚಕ್ರದಲ್ಲಿ ಪ್ಲೇ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಹೋದರೆ ಬೇರಿಂಗು, ಹೋಗದಿದ್ದರೆ ಕಿಂಗ್ ಪಿನ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಗೂಟ. ಆಮೇಲೆ ಒಂದು ಕೈಯನ್ನು ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಹಾಳಾದ ಬೇರಿಂಗಿನ ಗರಗರ ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಕಿವಿಗೆ ಬೇಕಿದ್ದರೆ ತೋಟಕ್ಕೆ ಮದ್ದು ಹೊಡೆಯುವ ಪೈಪಿನ ಒಂದು ಮೀಟರ್ ತುಂಡು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಹೌಸಿಂಗಿನ ಹತ್ತಿರ. ತಿರುಗುವ ಭಾಗದಿಂದ ದೂರ ಇರಲಿ, ಅಂಗಿಯ ತೋಳು ಮಡಚಿಕೊಳ್ಳಿ, ಪಂಚೆ ಟವೆಲ್ ತೆಗೆದಿಡಿ.

ಎಣ್ಣೆ

ಹೌಸಿಂಗ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಮೂರಕ್ಕೂ ಎಣ್ಣೆ ತುಂಬುವ ತೂತನ್ನು ಮೊದಲು ಬಿಚ್ಚಿ, ಖಾಲಿ ಮಾಡುವ ತೂತನ್ನು ಆಮೇಲೆ. ತುಂಬುವ ಪ್ಲಗ್ ತುಕ್ಕು ಹಿಡಿದು ಬರದೇ ಹೋದರೆ, ಎಣ್ಣೆ ಇಳಿಸಿಕೊಂಡು ಕೂತ ಗಾಡಿ ಅಂಗಳ ಬಿಟ್ಟು ಹೋಗುವಂತಿಲ್ಲ. ಸಪಾಟಾದ ನೆಲದಲ್ಲಿ ಬೆರಳು ಹಾಕಿದರೆ ಎಣ್ಣೆ ತೂತಿನ ಅಂಚಿಗೆ ಸಿಗಬೇಕು.

ಬೆರಳಿಗೆ ಬಂದ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕಿದ್ದರೆ ನೀರು ಸೇರಿದೆ. ನಮ್ಮ ಊರಲ್ಲಿ ಇದೇ ದೊಡ್ಡ ಶತ್ರು. ಘಟ್ಟ ಹತ್ತಿ ಬಿಸಿಯಾದ ಹೌಸಿಂಗನ್ನು ಜುಲೈ ತಿಂಗಳ ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಆಗ ಬ್ರೀದರ್ (ಹೌಸಿಂಗಿನ ಗಾಳಿ ಕಿಂಡಿ) ಮತ್ತು ಸೀಲಿನ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಬಿಸಿಯಾದಾಗ ಒತ್ತಡ ಹೆಚ್ಚಿ ಎಣ್ಣೆಯನ್ನು ಸೀಲಿನಿಂದ ಹೊರಗೆ ತಳ್ಳುತ್ತದೆ, ಕೆಲವೊಮ್ಮೆ ಬ್ರೇಕ್ ಡ್ರಮ್ಮಿಗೂ. ನಾನು ಬ್ರೀದರಿಗೆ ರಬ್ಬರ್ ಪೈಪ್ ಹಚ್ಚಿ ಚಾಸಿಯ ಮೇಲಕ್ಕೆ ಎತ್ತಿ ಕಟ್ಟಿದ್ದೇನೆ. ಹಳ್ಳಕ್ಕೆ ಇಳಿಸುವ ಮೊದಲು ಹತ್ತು ನಿಮಿಷ ನಿಲ್ಲಿಸಿ ತಣಿಸುವುದೂ ಒಳ್ಳೆಯದು, ಮಳೆಯಲ್ಲಿ ಮನಸ್ಸು ಬರುವುದಿಲ್ಲ, ಆದರೂ.

ಪ್ಲಗ್‌ಗೆ ಅಯಸ್ಕಾಂತ ಇದ್ದರೆ ಅದರಲ್ಲಿ ಬೂದಿ ಬಣ್ಣದ ನುಣ್ಣನೆ ಲೇಪ ಇರುವುದು ಸಹಜ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಚೂರು ಸಿಕ್ಕರೆ ಗಾಡಿ ಓಡಿಸುವುದನ್ನು ನಿಲ್ಲಿಸಿ. ಎಣ್ಣೆ ತರುವಾಗ ಮಾತ್ರ ಗಾಡಿಯ ಪುಸ್ತಕ ನೋಡಿ. ಹೌಸಿಂಗಿಗೆ ಹಾಕುವ ಜಿಎಲ್ 5 ದರ್ಜೆಯ ಎಣ್ಣೆಯನ್ನೇ ಹಿತ್ತಾಳೆ ರಿಂಗ್ ಇರುವ ಗೇರ್‌ಬಾಕ್ಸಿಗೂ ಸುರಿಯಬೇಡಿ, ಅದರ ಕೆಲವು ರಾಸಾಯನಿಕಗಳು ಹಿತ್ತಾಳೆಗೆ ಆಗುವುದಿಲ್ಲ.

ಗಾಡಿಯ ಮುಂಭಾಗ

ಮುಂದಿನ ಚಕ್ರಕ್ಕೆ ಫ್ರೀ ವೀಲ್ ಹಬ್ (ಚಕ್ರವನ್ನು ಆಕ್ಸಲ್ಲಿಗೆ ಕೂಡಿಸುವ, ಬಿಡಿಸುವ ಹಬ್) ಇದ್ದರೆ ಕೆಲಸ ಸುಲಭ. ಎರಡೂ ಹಬ್ ಬಿಡಿಸಿ ಟೂ ವೀಲ್‌ನಲ್ಲಿ ಓಡಿಸಿ, ಆಮೇಲೆ ಎರಡೂ ಲಾಕ್ ಮಾಡಿ, ಲಿವರ್ ಟೂ ವೀಲ್‌ನಲ್ಲೇ ಇರಲಿ, ಮತ್ತೆ ಓಡಿಸಿ. ಲಾಕ್ ಮಾಡಿದಾಗ ಮಾತ್ರ ಸದ್ದು ಬಂದರೆ ಮುಂದಿನ ಆಕ್ಸಲ್, ಹೌಸಿಂಗ್ ಅಥವಾ ಮುಂದಿನ ಶಾಫ್ಟ್. ಫ್ರೀ ವೀಲ್ ಇಲ್ಲದ ಗಾಡಿಯಲ್ಲಿ ಅವೆಲ್ಲ ಯಾವಾಗಲೂ ತಿರುಗುತ್ತಲೇ ಇರುತ್ತವೆ. ಅಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಓಡಿಸಿ ನೋಡಿ. ಎರಡೂ ತುದಿಯ ಫ್ಲೇಂಜಿಗೆ ಗುರುತು ಹಾಕಿಕೊಂಡು ಬಿಚ್ಚಿ, ಜಾರುವ ಜೋಡಣೆಯನ್ನು ಎಳೆದು ಬೇರೆ ಮಾಡಬೇಡಿ. ಬೇರೆಯಾಗಿಬಿಟ್ಟರೆ ಕೂಡಿಸುವಾಗ ಎರಡು ತುದಿಯ ಕವಲುಗಳು ಒಂದೇ ನೇರಕ್ಕೆ ಬರಬೇಕು, ಇಲ್ಲದಿದ್ದರೆ ಮೊದಲಿಲ್ಲದ ನಡುಕ ಹೊಸದಾಗಿ ಶುರುವಾಗುತ್ತದೆ.

ಫೋರ್ ವೀಲ್ ಹಾಕಿ ಮಾಡುವ ಪರೀಕ್ಷೆಯನ್ನು ಕೆಸರಿನಲ್ಲೋ ಸಡಿಲ ಮಣ್ಣಿನಲ್ಲೋ ಮಾತ್ರ ಮಾಡಿ. ಒಣ ಡಾಂಬರಿನಲ್ಲಿ ಬೇಡ. ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು, ಆದರೆ ಲಿವರ್ ಎರಡೂ ಶಾಫ್ಟನ್ನು ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಮಣ್ಣಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರದೆ ಶಾಫ್ಟುಗಳಲ್ಲಿ ಬಿಗಿ ಸೇರುತ್ತಾ ಹೋಗುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ, ಲಿವರ್ ಬರುವುದಿಲ್ಲ, ಆಮೇಲೆ "ಢಂ" ಅಂತ ಬಿಡುತ್ತದೆ. ಗೇರ್‌ಬಾಕ್ಸ್ ಒಡೆಯಿತು ಅಂತ ಹೆದರುವುದು ಬೇಡ, ನೇರ ನಾಲ್ಕು ಮೀಟರ್ ಹಿಂದಕ್ಕೆ ಹೋಗಿ ಲಿವರ್ ಎಳೆಯಿರಿ, ಸಾಮಾನ್ಯವಾಗಿ ಬರುತ್ತದೆ.

ಮಣ್ಣಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಳೆಯುವಾಗ ಒಂದು ಬದಿಯಿಂದ ಕಟ್ ಕಟ್ ಬಂದರೆ ಆ ಬದಿಯ ಆಕ್ಸಲ್ ಜಾಯಿಂಟ್. ನೇರ ಹೋಗುವಾಗ ಕರಕರ ಜಾರುವ ಸದ್ದು ಬಂದರೆ ಹಬ್ ಪೂರ್ತಿ ಲಾಕ್ ಆಗಿಲ್ಲ, ಹಲ್ಲು ತಿನ್ನುವ ಮೊದಲು ನಿಲ್ಲಿಸಿ ಸರಿಯಾಗಿ ತಿರುಗಿಸಿ.

ಮೆಕ್ಯಾನಿಕ್ ಹತ್ತಿರ ಹೋಗುವಾಗ

ಇಷ್ಟು ಮಾಡಿದ ಮೇಲೆ ನಿಮ್ಮ ಹಾಳೆಯಲ್ಲಿ ಒಂದೋ ಎರಡೋ ಹೆಸರು ಮಾತ್ರ ಉಳಿದಿರುತ್ತದೆ. ನಾನು ಈಗ ಹೋಗುವ ಮೆಕ್ಯಾನಿಕ್ ಮೊದಲೆಲ್ಲ "ಗಾಡಿ ಬಿಟ್ಟು ಹೋಗಿ ಹೆಗಡೇರೇ, ನೋಡ್ತೇನೆ" ಅನ್ನುತ್ತಿದ್ದರು. ಹೋದ ಸಲ "ಅಣ್ಣ, 30ರ ಮೇಲೆ ಶುರು, ಕಾಲು ಬಿಟ್ಟಾಗ ಮಾತ್ರ ಗರಗರ, ತಿರುವಿಗೂ ಅದಕ್ಕೂ ಸಂಬಂಧ ಇಲ್ಲ, ಕ್ರಾಸ್‌ನಲ್ಲಿ ಪ್ಲೇ ಇಲ್ಲ" ಅಂದೆ. ಅವರು ಪಾನಾ ತೆಗೆದುಕೊಂಡು ಸೀದಾ ಪಿನಿಯನ್ ಫ್ಲೇಂಜಿಗೆ ಕೈ ಹಾಕಿ ಮೇಲೆ ಕೆಳಗೆ ಅಲ್ಲಾಡಿಸಿದರು. ಅಲ್ಲಾಡಿತು. ಮಧ್ಯಾಹ್ನದೊಳಗೆ ಬೇರಿಂಗ್ ಹೊರಗೆ ಬಂದಿತ್ತು. ಪಿನಿಯನ್ನಿನ ಹಲ್ಲಿಗೆ ಏನೂ ಆಗಿರಲಿಲ್ಲ.

ಕ್ರೌನ್ ಪಿನಿಯನ್ನೇ ಬದಲಿಸಬೇಕಾದರೆ ಜೋಡಿಯಾಗಿಯೇ ತನ್ನಿ, ಒಂದನ್ನು ಹೊಸದು ಒಂದನ್ನು ಹಳೆಯದು ಹಾಕಿದರೆ ಮೊದಲ ದಿನದಿಂದಲೇ ಕೂಗುತ್ತದೆ. ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ, ಹಲ್ಲಿಗೆ ಬಣ್ಣ ಬಳಿದು, ಗುರುತು ಹಲ್ಲಿನ ನಡುವೆ ಬೀಳುತ್ತದಾ ಅಂತ ನೋಡುವವರ ಹತ್ತಿರವೇ ಮಾಡಿಸಿ.

ಬಿಚ್ಚಿದ ಹಳೆಯ ಬೇರಿಂಗನ್ನು ಕೇಳಿ ಪಡೆದುಕೊಳ್ಳಿ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದರೆ ಬದಿಯಲ್ಲಿ ಕೆತ್ತಿದ ನಂಬರ್ ಕಾಣುತ್ತದೆ, ಅದನ್ನು ಫೋಟೋ ತೆಗೆದು ಅದೇ ಹಾಳೆಯಲ್ಲಿ ಬರೆದಿಡಿ. ಗಾಡಿಯ ಹೆಸರು ಹೇಳಿ ಕೇಳಿದರೆ ಅಂಗಡಿಯವರು ಮೂರು ಥರದ್ದು ತೋರಿಸುತ್ತಾರೆ, ನಂಬರ್ ಹೇಳಿದರೆ ಒಂದೇ ಕೊಡುತ್ತಾರೆ. ನನ್ನ ಹಾಳೆಯಲ್ಲಿ ಈಗ ನಾಲ್ಕು ಬೇರಿಂಗ್, ಎರಡು ಸೀಲ್, ಒಂದು ಕ್ರಾಸಿನ ನಂಬರ್ ಇದೆ, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿ ಸೀಟಿನ ಅಡಿಗೆ ಇಟ್ಟಿದ್ದೇನೆ.